ಹಳೇ ನೂಲಿನ ಗಿರಣಿಯೊಳಗೆ ಮನೆ ತಗೊಳ್ಳಬಹುದಾ?

ಕಿಟಕಿಪಕ್ಕ:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡಿದ್ದೆ, ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ಬಹಳ ವರ್ಷದಿಂದ ಬೀಗ ಬಿದ್ದಿದ್ದ ಒಂದು ನೂಲಿನ ಗಿರಣಿಯನ್ನು ಈಗ ಮನೆಗಳಾಗಿ ಮಾಡುತ್ತಿದ್ದಾರೆ. ನಾಲ್ಕು ಮಹಡಿ, ದಪ್ಪ ಇಟ್ಟಿಗೆ ಗೋಡೆ, ಎರಕದ ಕಬ್ಬಿಣದ ಕಂಬಗಳು, ಆಳೆತ್ತರದ ಎರಡರಷ್ಟು ಕಿಟಕಿ. ನೋಡಲು ಹೋದವಳು ಮನಸ್ಸನ್ನು ಅಲ್ಲೇ ಬಿಟ್ಟು ಬಂದೆ. ನಮ್ಮನೆಯವರದು ಒಂದೇ ಮಾತು: "ಯಂತ್ರ ಇಡೋಕೆ ಕಟ್ಟಿದ ಜಾಗದಲ್ಲಿ ಯಾರಾದ್ರೂ ಮಲಗ್ತಾರಾ?" ಅವರು ಲೆಕ್ಕಪತ್ರದ ಮನುಷ್ಯ, ಯಾವುದನ್ನೂ ಸುಲಭಕ್ಕೆ ಒಪ್ಪುವವರಲ್ಲ.

ಬಿಲ್ಡರ್ ಕೊಟ್ಟ ಪುಸ್ತಕದಲ್ಲಿ ಎಲ್ಲವೂ ಚಂದವೇ ಇದೆ. ಪುಸ್ತಕದಲ್ಲಿ ಇಲ್ಲದ್ದು ಏನು ಅಂತ ಗೊತ್ತಿರುವವರು ಹೇಳಿ. ಇಂಥ ಮನೆಯಲ್ಲಿ ಇದ್ದವರು ಯಾರಾದರೂ ಇದ್ದೀರಾ?

ತುಕ್ಕುಗಣ್ಣು:
ಯೋಚನೆ ಏನು, ತಗೊಳ್ಳಿ. ಅಷ್ಟೆತ್ತರದ ಸೂರು ಹೊಸ ಅಪಾರ್ಟ್‌ಮೆಂಟಿನಲ್ಲಿ ಕನಸಲ್ಲೂ ಸಿಗಲ್ಲ.

ಅನುಮಾನರಾಯ:
ಆ ಸೂರಿನ ಕೆಳಗಿರುವ ಗಾಳಿಯನ್ನು ಬೆಚ್ಚಗೋ ತಣ್ಣಗೋ ಮಾಡಿದ್ದಕ್ಕೆ ಬರುವ ಕರೆಂಟ್ ಬಿಲ್ ಮಾತ್ರ ಕನಸಲ್ಲ, ನಿಜವಾಗಿ ಬರುತ್ತದೆ. ಚಳಿಗಾಲದಲ್ಲಿ ಬಿಸಿಗಾಳಿ ಮೇಲೆ ಹೋಗಿ ಕೂರುತ್ತದೆ, ನೀವು ಕೆಳಗೆ ನಡುಗುತ್ತಾ ಕೂರುತ್ತೀರಿ.

ತುಕ್ಕುಗಣ್ಣು:
ಅಟ್ಟ ಕಟ್ಟಿಸಿ ಮೇಲೆ ಮಲಗಿದರಾಯ್ತು.

ಅನುಮಾನರಾಯ:
ಬೇಸಿಗೆಯಲ್ಲಿ?

ನಕ್ಷೆಗಾರ್ತಿ:
ಇಬ್ಬರೂ ಸ್ವಲ್ಪ ತಡೀರಿ. ಎತ್ತರದ ವಿಷಯ ಆಮೇಲೆ. ಮೊದಲು ನೋಡಬೇಕಾದ್ದು ಕಟ್ಟಡದ ಅಗಲ.

ಇಂಥ ಎರಡು ಕಟ್ಟಡಗಳ ಕೆಲಸದಲ್ಲಿ ನಾನಿದ್ದೆ. ಎರಡರಲ್ಲೂ ನಮ್ಮನ್ನು ಸತಾಯಿಸಿದ್ದು ಹಳೇ ಗೋಡೆಯೂ ಅಲ್ಲ, ತುಕ್ಕೂ ಅಲ್ಲ, ಕತ್ತಲೆ. ಗಿರಣಿ ಕಟ್ಟಿದವರಿಗೆ ಬೇಕಿದ್ದದ್ದು ಯಂತ್ರಗಳ ಉದ್ದ ಸಾಲು. ಅದಕ್ಕೆ 30 ಮೀಟರ್ ಅಗಲದ ಮಹಡಿಗಳೂ ಇವೆ. ಮನೆಗೆ ಬೇಕಿರುವುದು ಪ್ರತಿ ಕೋಣೆಗೂ ಕಿಟಕಿ. ಹಗಲ ಬೆಳಕು ಎಷ್ಟು ಒಳಗೆ ಬರುತ್ತದೆ ಅನ್ನುವುದಕ್ಕೆ ನಾವು ಒಂದು ಅಂದಾಜು ಇಟ್ಟುಕೊಂಡಿರುತ್ತೇವೆ. ನೆಲದಿಂದ ಕಿಟಕಿಯ ಮೇಲಂಚಿನವರೆಗೆ ಎಷ್ಟು ಎತ್ತರವೋ ಅದರ ಎರಡರಿಂದ ಎರಡೂವರೆ ಪಟ್ಟು. ಕಿಟಕಿ ಮೂರೂವರೆ ಮೀಟರಿಗೆ ಮುಗಿದರೆ ಏಳೆಂಟು ಮೀಟರ್. ಅಲ್ಲಿಂದ ಆಚೆ ಹಗಲಲ್ಲೂ ದೀಪ ಹಾಕಬೇಕು.

ಮಧ್ಯದ ಕತ್ತಲೆಗೆ ಸರಿಯಾದ ಮದ್ದು ಅಂದರೆ ಕಟ್ಟಡದ ನಡುವೆ ಸೀಳಿ ಅಂಗಳ ಮಾಡುವುದು. ವಿಯೆನ್ನಾದಲ್ಲಿ 1899ರ ಹೊತ್ತಿಗೆ ಕಟ್ಟಿ ಮುಗಿಸಿದ ನಾಲ್ಕು ದೊಡ್ಡ ಗ್ಯಾಸ್ ಟ್ಯಾಂಕುಗಳಿವೆ, ಹೊರಗೆ ದುಂಡನೆಯ ಇಟ್ಟಿಗೆ ಗೋಡೆ. 1999ರಿಂದ 2001ರ ನಡುವೆ ಅವನ್ನು ಮನೆಗಳಾಗಿ ಮಾಡಿದರು. ಒಂದೊಂದನ್ನು ಒಬ್ಬೊಬ್ಬ ವಾಸ್ತುಶಿಲ್ಪಿಗೆ ಕೊಟ್ಟಿದ್ದರು. ಆ ಗೋಡೆಗಳಿಗೆ ಮನೆಗೆ ಸಾಲುವಷ್ಟು ಕಿಟಕಿಯೇ ಇರಲಿಲ್ಲ. ಒಳಗೆ ಅಂಗಳ ಬಿಟ್ಟು ಅದರ ಸುತ್ತ ಮನೆಗಳನ್ನು ಜೋಡಿಸಿ ಬೆಳಕು ತಂದರು.

ಅಂಗಳ ಮಾಡಿದರೆ ಅಷ್ಟು ಜಾಗ ಮಾರಲು ಸಿಗುವುದಿಲ್ಲ ನೋಡಿ. ಅದಕ್ಕೇ ಎಷ್ಟೋ ಬಿಲ್ಡರ್‌ಗಳು ಸೀಳುವುದೇ ಇಲ್ಲ. ಬಚ್ಚಲು, ಉಗ್ರಾಣ, ಓಡಾಡುವ ಪಡಸಾಲೆ ಎಲ್ಲ ನಡುವೆ ತಳ್ಳುತ್ತಾರೆ. ಆಮೇಲೂ ಕತ್ತಲೆ ಉಳಿದರೆ ಅದಕ್ಕೆ "ಸ್ಟಡಿ ರೂಮ್" ಅಂತ ಹೆಸರಿಡುತ್ತಾರೆ.

ಕಿಟಕಿಪಕ್ಕ:
ಅಯ್ಯೋ. ನಮ್ಮ ನಕ್ಷೆಯಲ್ಲಿ "ಸ್ಟಡಿ" ಅಂತ ಒಂದು ಕೋಣೆ ಇದೆ.

ನಕ್ಷೆಗಾರ್ತಿ:
ಅದಕ್ಕೆ ಕಿಟಕಿ ಇದೆಯಾ?

ಕಿಟಕಿಪಕ್ಕ:
ನಕ್ಷೆಯಲ್ಲಿ ಅಲ್ಲೊಂದು ಗಿಡದ ಕುಂಡದ ಚಿತ್ರ ಇದೆ. ಕಿಟಕಿ ಕಾಣುತ್ತಿಲ್ಲ.

ಅನುಮಾನರಾಯ:
😂 ಪ್ಲಾಸ್ಟಿಕ್ ಗಿಡ ಇರಬೇಕು.

ಗಾರೆಕೈ:
ಮೇಡಂ, ನಮ್ಮದು ಮೂರು ತಲೆಮಾರಿನ ಮೇಸ್ತ್ರಿ ಕೆಲಸ. ನಾನು ಗೋಡೆ ವಿಷಯ ಹೇಳುತ್ತೇನೆ, ಬೆಳಕಿನ ವಿಷಯ ಓದಿದವರು ಹೇಳಲಿ.

ಗೋಡೆ ಹತ್ತಿರ ಹೋಗಿ ಇಟ್ಟಿಗೆ ನೋಡಬೇಡಿ, ಇಟ್ಟಿಗೆ ನಡುವಿನ ಸಂದು ನೋಡಿ. ಹಳೇ ಗೋಡೆ ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಅದು ಮೆತ್ತಗಿರುತ್ತದೆ. ಗೋಡೆ ನೀರು ಕುಡಿದರೆ ಆ ಸಂದಿಯಿಂದಲೇ ಒಣಗುತ್ತದೆ. ಈಗ ರಿಪೇರಿಗೆ ಬಂದವರು ಸಂದು ಕೆರೆದು ಸಿಮೆಂಟ್ ಪಾಯಿಂಟಿಂಗ್ ಮಾಡಿಬಿಡುತ್ತಾರೆ. ನೋಡಲು ಗಟ್ಟಿ, ಗೆರೆ ಎಳೆದ ಹಾಗೆ. ಆದರೆ ಸಿಮೆಂಟ್ ಇಟ್ಟಿಗೆಗಿಂತ ಗಟ್ಟಿ. ನೀರಿಗೆ ಸಂದಿಯಲ್ಲಿ ದಾರಿ ಇಲ್ಲದೆ ಇಟ್ಟಿಗೆಯಿಂದಲೇ ಹೊರಗೆ ಬರಬೇಕು. ನಾಲ್ಕಾರು ವರ್ಷಕ್ಕೆ ಇಟ್ಟಿಗೆಯ ಮುಖ ಚಕ್ಕೆ ಚಕ್ಕೆಯಾಗಿ ಉದುರುತ್ತದೆ, ಸಿಮೆಂಟ್ ಗೆರೆ ಮಾತ್ರ ಬಲೆ ಥರ ನಿಂತಿರುತ್ತದೆ. ನಾನೇ ಹುಡುಗನಾಗಿದ್ದಾಗ ಒಂದು ಗೋದಾಮಿಗೆ ಹಾಗೆ ಮಾಡಿ ಕೆಡಿಸಿದ್ದೇನೆ. ಆಗ ತಂದೆಯವರು ಬೈದದ್ದು ಇನ್ನೂ ಕಿವಿಯಲ್ಲಿದೆ.

ಉಗುರಿನಿಂದ ಕೆರೆದು ನೋಡಿ. ಸುಣ್ಣದ ಗಾರೆಯಾದರೆ ಸ್ವಲ್ಪ ಪುಡಿ ಬರುತ್ತದೆ. ಉಗುರೇ ಮುರಿದರೆ ಸಿಮೆಂಟು.

ಹಿಮಗಾಲ:
ಗಾರೆಕೈ ಅವರಿಗೆ ಒಂದು ಸೇರಿಸುತ್ತೇನೆ. ಹಿಮ ಬೀಳುವ ಊರುಗಳಲ್ಲಿ ಇನ್ನೊಂದು ತಾಪತ್ರಯ ಇದೆ. ಹೊರಗಿನ ಇಟ್ಟಿಗೆ ಚಂದ ಕಾಣಲಿ ಅಂತ ಒಳಗಡೆಯಿಂದ ದಪ್ಪ ಇನ್ಸುಲೇಷನ್ ಹೊದಿಸುತ್ತಾರೆ. ಮನೆಯ ಬಿಸಿ ಗೋಡೆಗೆ ತಲುಪುವುದೇ ಇಲ್ಲ. ಗೋಡೆ ತಣ್ಣಗೆ, ತೇವವಾಗಿ ಉಳಿಯುತ್ತದೆ. ಒಳಗಿನ ನೀರು ಹೆಪ್ಪುಗಟ್ಟಿ ಇಟ್ಟಿಗೆ ಒಡೆಯುತ್ತದೆ, ಗೋಡೆಯಲ್ಲಿ ಹುದುಗಿರುವ ತೊಲೆಯ ತುದಿ ಕೊಳೆಯುತ್ತದೆ. ಹೊರಗೆ ತಳುಕು, ಒಳಗೆ ಹುಳುಕು ಅಂತಾರಲ್ಲ, ಅದೇ.

ತೊಲೆಲೆಕ್ಕ:
ನನ್ನದು ಸ್ಟ್ರಕ್ಚರ್ ಕೆಲಸ. ಎಲ್ಲರೂ ಹೆದರಿಸುತ್ತಿದ್ದೀರಿ, ನಾನು ಒಂದು ಒಳ್ಳೆ ಸುದ್ದಿ ಹೇಳುತ್ತೇನೆ. ಮನೆಯ ನೆಲಕ್ಕೆ ನಾವು ಲೆಕ್ಕ ಹಿಡಿಯುವುದು ಒಂದು ಚದರ ಮೀಟರಿಗೆ ಸುಮಾರು 200 ಕಿಲೋ ಭಾರ. ಕಾರ್ಖಾನೆಗೆ 500, ಕೆಲವಕ್ಕೆ 1000 ಕಿಲೋವರೆಗೂ ಹಿಡಿದಿರುತ್ತಾರೆ. ಅಂದರೆ ನಿಮ್ಮ ಬೀರು, ಪುಸ್ತಕ, ನೆಂಟರು ಎಲ್ಲ ಸೇರಿದರೂ ಆ ನೆಲಕ್ಕೆ ಏನೂ ಅಲ್ಲ.

ಈಗ ಕೆಟ್ಟ ಸುದ್ದಿ. ಎರಕದ ಕಬ್ಬಿಣ ಮೇಲಿನಿಂದ ಒತ್ತುವ ಭಾರವನ್ನು ಚೆನ್ನಾಗಿ ಹೊರುತ್ತದೆ. ಎಳೆದರೆ, ಬಗ್ಗಿಸಿದರೆ ಸೂಚನೆ ಕೊಡದೆ ಬಿರುಕು ಬಿಡುತ್ತದೆ. ಬೆಂಕಿ ಬಿದ್ದು ಕಾದ ಕಂಬಕ್ಕೆ ತಣ್ಣೀರು ಹಾಯಿಸಿದರೂ ಸೀಳಬಹುದು. ಹಾಗಾಗಿ ಬಿಲ್ಡರ್ ಕಂಬಕ್ಕೆ ಬರೀ ಕಪ್ಪು ಬಣ್ಣ ಬಳಿದಿದ್ದಾರೋ, ಬೆಂಕಿ ತಡೆಯುವ, ಬಿಸಿಗೆ ಉಬ್ಬುವ ಲೇಪ ಹಾಕಿದ್ದಾರೋ ಅಂತ ಕೇಳಿ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ತಮಾಷೆ ಏನೆಂದರೆ ದಪ್ಪ ಮರದ ತೊಲೆ ಇದ್ದರೆ ನನಗೆ ಜಾಸ್ತಿ ಧೈರ್ಯ. ಮರ ಸುಡುತ್ತದೆ ನಿಜ, ಆದರೆ ಮೇಲೆ ಇದ್ದಿಲಿನ ಪದರ ಕಟ್ಟಿಕೊಂಡು ನಿಧಾನಕ್ಕೆ, ನಿಮಿಷಕ್ಕೆ ಸುಮಾರು 0.7 ಮಿ.ಮೀ.ನಷ್ಟು. ರಕ್ಷಣೆ ಇಲ್ಲದ ಉಕ್ಕು 600 ಡಿಗ್ರಿಯ ಹತ್ತಿರ ಬರುವಾಗ ಅರ್ಧ ಬಲ ಕಳೆದುಕೊಂಡಿರುತ್ತದೆ.

ಮಿಲ್‌ಮಗ:
> ಒಂದು ಒಳ್ಳೆ ಸುದ್ದಿ

ಗಿರಣಿಗಳಲ್ಲಿ ಬೆಂಕಿ ಬಿದ್ದು ಬಿದ್ದೇ ಕಬ್ಬಿಣದ ಕಂಬ ಬಂದದ್ದು ಅಲ್ವಾ ಸರ್? ಹತ್ತಿ, ಎಣ್ಣೆ, ದೀಪ ಮೂರೂ ಒಂದೇ ಕಡೆ.

ತೊಲೆಲೆಕ್ಕ:
ಹೌದು. ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ 1797ರ ನಾರಗಸೆ ಗಿರಣಿಯೊಂದಿದೆ. ಕಂಬ, ತೊಲೆ ಎರಡೂ ಕಬ್ಬಿಣದ್ದೇ ಆದ ಜಗತ್ತಿನ ಮೊದಲ ಕಟ್ಟಡ ಅದು. ಗಗನಚುಂಬಿ ಕಟ್ಟಡಗಳ ಅಜ್ಜ ಅಂತ ಕರೆಯುತ್ತಾರೆ. ಸುಮಾರು ತೊಂಬತ್ತು ವರ್ಷ ಗಿರಣಿಯಾಗಿದ್ದು ಆಮೇಲೆ ಮಾಲ್ಟ್ ತಯಾರಿಸುವ ಕಾರ್ಖಾನೆಯಾಯಿತು. ಆಗ ಅಷ್ಟು ಬೆಳಕು ಬೇಡ ಅಂತ ಬಹುಪಾಲು ಕಿಟಕಿಗಳನ್ನೇ ಇಟ್ಟಿಗೆ ಇಟ್ಟು ಮುಚ್ಚಿದರು. 1987ರಲ್ಲಿ ಅದೂ ನಿಂತಿತು. 2022ರಲ್ಲಿ ಕಚೇರಿ ಮತ್ತು ವಸ್ತುಪ್ರದರ್ಶನ ಮಾಡಿ ಮತ್ತೆ ತೆರೆದರು. ಈ ಬಳಕೆ ಬದಲಿಸುವುದು ಹೊಸ ಫ್ಯಾಷನ್ ಅನ್ನುವವರಿಗೆ ನಾನು ಯಾವಾಗಲೂ ಇದನ್ನೇ ತೋರಿಸುವುದು.

ಗೋಲಗುಮ್ಮ:
ಗಿರಣಿ ಸುಲಭ ಬಿಡಿ. ಧಾನ್ಯ ತುಂಬುವ ಸೈಲೋದಲ್ಲಿ ಮನೆ ಮಾಡಿ ನೋಡೋಣ.

ತುಕ್ಕುಗಣ್ಣು:
ಮಾಡಿದ್ದಾರೆ ಗುರು. ಕೋಪನ್‌ಹೇಗನ್‌ನಲ್ಲಿ 2005ರಲ್ಲಿ.

ನಕ್ಷೆಗಾರ್ತಿ:
ಆದರೆ ಒಳಗಲ್ಲ, ಹೊರಗೆ! ಅದೇ ಅದರ ಸ್ವಾರಸ್ಯ. ಸೈಲೋ ನಿಂತಿರುವುದೇ ತೂತಿಲ್ಲದ ದುಂಡು ಗೋಡೆಯ ಬಲದಲ್ಲಿ. ಪ್ರತಿ ಕೋಣೆಗೆ ಕಿಟಕಿ ಕೊರೆಯುತ್ತಾ ಹೋದರೆ ಆ ಬಲವೇ ಹೋಗುತ್ತದೆ. ಅದಕ್ಕೆ ಆ ಎರಡು ಸೈಲೋಗಳ ಹೊರಮೈಗೆ ಮನೆಗಳನ್ನು ನೇತುಹಾಕಿದರು. ಒಳಗಿನ ಟೊಳ್ಳನ್ನು ಲಿಫ್ಟು, ಮೆಟ್ಟಿಲಿಗೆ ಬಿಟ್ಟರು. ಸಿಲಿಂಡರಿನೊಳಗೆ ಬಾಳುವ ಆಸೆ ಬಿಟ್ಟದ್ದಕ್ಕೆ ಎಲ್ಲ ಮನೆಗೂ ಬೆಳಕು ಬಂತು.

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಲ್ಲಿ ಇನ್ನೊಂದು ಥರ. ಮೂರು ಗ್ಯಾಸ್ ಟ್ಯಾಂಕುಗಳ ಬರೀ ಕಬ್ಬಿಣದ ಚೌಕಟ್ಟು ಉಳಿದಿತ್ತು. ಅವನ್ನು ಬಿಚ್ಚಿ, ರಿಪೇರಿ ಮಾಡಿ, ಮತ್ತೆ ನಿಲ್ಲಿಸಿ ಒಳಗೆ ಹೊಸದಾಗಿ 145 ಮನೆ ಕಟ್ಟಿದರು.

ಗೋಲಗುಮ್ಮ:
ಅಮೆರಿಕದ ಆಕ್ರನ್‌ನಲ್ಲಿ ಓಟ್ಸ್ ಸೈಲೋಗಳನ್ನು 1980ರಲ್ಲಿ ಹೋಟೆಲ್ ಮಾಡಿದ್ದರಲ್ಲ, ಅಲ್ಲಿ ಒಳಗೇ ಕೋಣೆ. ಪೂರ್ತಿ ದುಂಡು. ನನ್ನ ಪ್ರಶ್ನೆ ಇಷ್ಟೇ: ದುಂಡು ಕೋಣೆಯಲ್ಲಿ ಬೀರು ಎಲ್ಲಿ ಇಡುತ್ತಾರೆ?

ಅನುಮಾನರಾಯ:
ಮೂಲೆಯಲ್ಲಿ.

ಪರೀಕ್ಷಾನಳಿಕೆ:
ಗೋಡೆ, ತೊಲೆ, ಬೀರು ಎಲ್ಲ ಆಯ್ತು. ನೆಲದ ಕೆಳಗೆ ಏನಿದೆ ಅಂತ ಯಾರೂ ಕೇಳಲಿಲ್ಲ. ನನಗೆ ಇದೇ ಮೊದಲ ಪ್ರಶ್ನೆ.

ಅಮೆರಿಕದ ಹೋಬೋಕನ್ ಊರಲ್ಲಿ ಒಂದು ಹಳೇ ಕಾರ್ಖಾನೆ ಇತ್ತು. ಪಾದರಸದ ದೀಪ ಮಾಡುತ್ತಿದ್ದ ಜಾಗ. 1990ರ ದಶಕದಲ್ಲಿ ಕಲಾವಿದರು ಕೆಲವರು ಸೇರಿ ಅದನ್ನು ಮನೆ, ಸ್ಟುಡಿಯೋ ಮಾಡಿಕೊಂಡರು. ರಿಪೇರಿ ಮಾಡುವಾಗ ನೆಲದಲ್ಲಿ ಪಾದರಸದ ಹನಿಗಳು ಸಿಕ್ಕವು. ಪರೀಕ್ಷೆ ಮಾಡಿದರೆ ಮನೆಗಳ ಗಾಳಿಯಲ್ಲೂ ಪಾದರಸ, ಅಲ್ಲಿದ್ದವರ ಮೈಯಲ್ಲೂ ಪಾದರಸ. ಎಲ್ಲರನ್ನೂ ಖಾಲಿ ಮಾಡಿಸಿ ಕೊನೆಗೆ ಕಟ್ಟಡವನ್ನೇ ಕೆಡವಿದರು. ದೀಪದ ಕಾರ್ಖಾನೆ ಮುಚ್ಚಿ ಎಷ್ಟೋ ದಶಕ ಆಗಿತ್ತು ಅನ್ನುವುದು ನೆನಪಿರಲಿ.

ನೂಲಿನ ಗಿರಣಿಯಲ್ಲಿ ಪಾದರಸದ ಭಯ ಕಡಿಮೆ. ಆದರೆ ಬಣ್ಣ ಹಾಕುವ ವಿಭಾಗ ಇತ್ತಾ? ಯಂತ್ರ ತೊಳೆಯುವ ದ್ರಾವಣ ಎಲ್ಲಿ ಚೆಲ್ಲುತ್ತಿದ್ದರು? ಟ್ರೈಕ್ಲೋರೋಎಥಿಲೀನ್ ಥರದ್ದು ಮಣ್ಣಿಗೆ ಇಳಿದರೆ ಆವಿಯಾಗಿ ಮತ್ತೆ ನೆಲದ ಬಿರುಕಿನಿಂದ ಮನೆಯೊಳಗೆ ಬರುತ್ತದೆ, ಕೆಳಗಿನ ಮಹಡಿಗೆ ಮೊದಲು. ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೆ, ಸೀಸದ ಬಣ್ಣ, ಚಾವಣಿಗೆ, ಪೈಪಿಗೆ ಸುತ್ತಿದ ಕಲ್ನಾರು. ಕಲ್ನಾರು ಅಲ್ಲಾಡದೆ ಇದ್ದಷ್ಟು ದಿನ ಅಷ್ಟು ತೊಂದರೆ ಇಲ್ಲ. ಕೊರೆದಾಗ, ಒಡೆದಾಗ ಧೂಳು ಏಳುತ್ತದೆ. ಅದರ ಕಾಯಿಲೆ ಕಾಣಿಸಿಕೊಳ್ಳುವುದು ಹಲವು ದಶಕ ಕಳೆದ ಮೇಲೆ. ಮಣ್ಣಿನ ವರದಿ ಮತ್ತು ಒಳಗಾಳಿಯ ವರದಿ, ಎರಡನ್ನೂ ಕೇಳಿ. "ಎಲ್ಲ ಕ್ಲೀನ್ ಮಾಡಿಸಿದ್ದೇವೆ ಮೇಡಂ" ಅನ್ನುವುದು ವರದಿ ಅಲ್ಲ.

ಕಿಟಕಿಪಕ್ಕ:
ಅವರು ಹೇಳಿದ್ದು ಅಕ್ಷರಶಃ ಅದೇ ವಾಕ್ಯ.

ತುಕ್ಕುಗಣ್ಣು:
ಸ್ವಾಮಿ, ಹೀಗೆ ಹೆದರಿಸುತ್ತಾ ಹೋದರೆ ಎಲ್ಲವನ್ನೂ ಕೆಡವಿ ಹೊಸದು ಕಟ್ಟಬೇಕಾಗುತ್ತದೆ. ಜಗತ್ತಿನ ಇಂಗಾಲದ ಹೊಗೆಯಲ್ಲಿ 7-8 ಶೇಕಡ ಸಿಮೆಂಟ್ ಒಂದರಿಂದಲೇ ಬರುತ್ತದೆ. ನಿಂತಿರುವ ಕಟ್ಟಡ ಅಂದರೆ ಆಗಲೇ ಹೊಗೆ ಬಿಟ್ಟು ಮುಗಿಸಿದ ಕಟ್ಟಡ. ಕೆಡವಿ ಕಟ್ಟಿದರೆ ಮತ್ತೆ ಮೊದಲಿಂದ.

ಪರೀಕ್ಷಾನಳಿಕೆ:
ಕೆಡವಿ ಅಂದೆನಾ? ಪರೀಕ್ಷೆ ಮಾಡಿಸಿ ಅಂದೆ. ಮಣ್ಣು ಕೆಟ್ಟಿದ್ದರೆ ಕೆಡವಿ ಹೊಸದು ಕಟ್ಟಿದರೂ ಮಣ್ಣು ಅದೇ.

ತುಕ್ಕುಗಣ್ಣು:
ಅದು ಸರಿ.

ಮಿಲ್‌ಮಗ:
ಇಷ್ಟೊತ್ತು ಸುಮ್ಮನಿದ್ದೆ. ನಮ್ಮ ತಂದೆ ನೂಲಿನ ಗಿರಣಿಯಲ್ಲಿ 31 ವರ್ಷ ಕೆಲಸ ಮಾಡಿದವರು. ಯಾವ ಗಿರಣಿ ಅಂತ ಹೇಳುವುದಿಲ್ಲ, ಈಗ ಅದೂ ಮುಚ್ಚಿದೆ.

ಒಳಗೆ ಎಷ್ಟು ಸದ್ದು ಅಂದರೆ ಅವರು ಕೈಸನ್ನೆಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ಮನೆಗೆ ಬಂದ ಮೇಲೂ ಅಪ್ಪ ಜೋರಾಗೇ ಮಾತಾಡುತ್ತಿದ್ದರು. ನಾವು ಚಿಕ್ಕವರು, ಸಿಟ್ಟು ಅಂದುಕೊಂಡಿದ್ದೆವು. ಆಮೇಲೆ ಗೊತ್ತಾಯಿತು, ಕಿವಿ ಮಂದವಾಗಿತ್ತು. ಹತ್ತಿ ಧೂಳಿನ ಕಾಯಿಲೆ ಬೇರೆ. ವಾರದ ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಹೋದ ದಿನ ಎದೆ ಬಿಗಿಯುತ್ತದೆ, ಹಾಗಾಗಿ ಸೋಮವಾರದ ಜ್ವರ ಅಂತಲೇ ಅದಕ್ಕೆ ಹೆಸರು.

ಈಗ ಅಂಥ ಜಾಗಕ್ಕೆ "ಲಾಫ್ಟ್" ಅಂತ ಹೆಸರಿಟ್ಟು, ಹಳೇ ಯಂತ್ರದ ಒಂದು ಚಕ್ರವನ್ನು ಬಾಗಿಲಲ್ಲಿ ಅಲಂಕಾರಕ್ಕೆ ಇಟ್ಟಿರುತ್ತಾರೆ. ನನಗೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ಮೇಡಂ, ನಿಮಗೆ ಬೇಡ ಅಂತ ಹೇಳುತ್ತಿಲ್ಲ. ಅಲ್ಲಿ ಕೆಲಸ ಮಾಡಿದವರಲ್ಲಿ ಒಬ್ಬರಾದರೂ ಆ ಫ್ಲ್ಯಾಟ್ ಕೊಳ್ಳುವ ಸ್ಥಿತಿಯಲ್ಲಿ ಇದ್ದಾರಾ ಅಂತ ಮಾತ್ರ ಯೋಚನೆ ಬರುತ್ತದೆ.

ಅನುಮಾನರಾಯ:
ಇದು ನಿಜವಾದ ಮಾತು.

ತುಕ್ಕುಗಣ್ಣು:
ಮಿಲ್‌ಮಗ ಅವರೇ, ಬೇಸರ ಮಾಡ್ಕೋಬೇಡಿ. ಆದರೆ ಖಾಲಿ ಬಿಟ್ಟರೆ ಅಲ್ಲಿ ಕೆಲಸ ಮಾಡಿದವರಿಗೆ ಏನು ಸಿಕ್ಕ ಹಾಗಾಯಿತು?

ಮಿಲ್‌ಮಗ:
ಖಾಲಿ ಬಿಡಿ ಅಂದವರು ಯಾರು? ಎಲ್ಲವನ್ನೂ ಮಾರುವ ಮನೆಯೇ ಮಾಡಬೇಕಾ ಅಂತ ಕೇಳಿದ್ದು.

ಅಂಗಳದಾಟ:
ಇಲ್ಲಿ ನಾನೊಂದು ಬಾಯಿ ಹಾಕುತ್ತೇನೆ. ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಡ್ರಮ್ ಮಾಡುವ ಒಂದು ಕಾರ್ಖಾನೆ ಮುಚ್ಚಿತ್ತು. ಅಲ್ಲಿ ಏನಾದರೂ ಹೊಸದು ಕಟ್ಟಿ ಅಂತ ಲೀನಾ ಬೊ ಬಾರ್ಡಿ ಅನ್ನುವ ವಾಸ್ತುಶಿಲ್ಪಿಗೆ ಹೇಳಿದರು. ಆಕೆ ನೋಡಲು ಹೋದರೆ ರಜಾದಿನ ಸುತ್ತಮುತ್ತಲಿನ ಮಕ್ಕಳು ಅಲ್ಲಿ ಓಡಾಡಿಕೊಂಡು, ಆಡಿಕೊಂಡು ಇದ್ದರು. ಜನ ಆಗಲೇ ಇದನ್ನು ತಮ್ಮದು ಮಾಡಿಕೊಂಡಿದ್ದಾರೆ, ಕೆಡವುವುದು ಯಾಕೆ ಅಂತ ಆಕೆಗೆ ಅನ್ನಿಸಿತು. ಶೆಡ್‌ಗಳನ್ನು ಹಾಗೇ ಉಳಿಸಿ ಓದುವ ಜಾಗ, ರಂಗಮಂದಿರ, ಕರಕುಶಲ ಕೆಲಸದ ಮನೆ ಮಾಡಿದರು. 1982ರಲ್ಲಿ ತೆರೆಯಿತು. ಆಟಕ್ಕೆ ಪಕ್ಕದಲ್ಲಿ ಕಾಂಕ್ರೀಟ್ ಗೋಪುರ ಎದ್ದಿತು. ಕಾರ್ಖಾನೆಯ ಒಳಗೆ ತುರುಕಲಿಲ್ಲ.

ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ 1985ರಲ್ಲಿ ಮುಚ್ಚಿದ ಕಬ್ಬಿಣದ ಕಾರ್ಖಾನೆ ಇನ್ನೂ ಜೋರು. ಅದಿರು ತುಂಬುತ್ತಿದ್ದ ಗೋಡೆಗಳನ್ನು ಹತ್ತುವ ಆಟಕ್ಕೆ ಬಿಟ್ಟಿದ್ದಾರೆ. ಗ್ಯಾಸ್ ಟ್ಯಾಂಕಿಗೆ ನೀರು ತುಂಬಿಸಿ ಡೈವಿಂಗ್ ಕಲಿಸುತ್ತಾರೆ. ಕುಲುಮೆಯ ಮೇಲೆ ಹತ್ತಿ ಊರು ನೋಡಬಹುದು. ಕೆಟ್ಟ ಮಣ್ಣು ಇರುವ ಕಡೆ ಮನೆ ಕಟ್ಟುವ ಹಟ ಮಾಡದೆ ಪಾರ್ಕ್ ಮಾಡಿದರು.

ಪರೀಕ್ಷಾನಳಿಕೆ:
👆 ಇದನ್ನೇ ನಾನು ಹೇಳಲು ಹೊರಟಿದ್ದು, ನನಗಿಂತ ಚೆನ್ನಾಗಿ ಹೇಳಿದಿರಿ.

ಪುಸ್ತಕಹುಳು:
ನೆದರ್‌ಲ್ಯಾಂಡ್ಸ್‌ನ ಟಿಲ್‌ಬರ್ಗ್‌ನಲ್ಲಿ ರೈಲು ಇಂಜಿನ್ ರಿಪೇರಿ ಶೆಡ್ಡನ್ನು 2019ರಲ್ಲಿ ಲೈಬ್ರರಿ ಮಾಡಿದ್ದಾರೆ. ಅಷ್ಟು ದೊಡ್ಡ ಜಾಗದಲ್ಲಿ ಗೋಡೆ ಎಬ್ಬಿಸುವ ಬದಲು ಆಕಾಶದೆತ್ತರದ ಪರದೆಗಳು. ಸಭೆ ಇದ್ದಾಗ ಎಳೆದರೆ ಕೋಣೆ, ಮುಗಿದ ಮೇಲೆ ಸರಿಸಿದರೆ ಬಯಲು. ಅನುಮಾನರಾಯರ ಬಿಸಿಗಾಳಿ ಪ್ರಶ್ನೆಗೂ ಸ್ವಲ್ಪ ಉತ್ತರ ಇದರಲ್ಲಿದೆ. ಇಡೀ ಶೆಡ್ಡನ್ನು ಬೆಚ್ಚಗೆ ಮಾಡುವುದಕ್ಕಿಂತ ಜನ ಕೂರುವ ಜಾಗ ಬೆಚ್ಚಗಿದ್ದರೆ ಸಾಕು. ಲೈಬ್ರರಿಯಲ್ಲಿ ಕೋಟು ಹಾಕಿಕೊಂಡು ಓಡಾಡಬಹುದು. ಮನೆಯಲ್ಲಿ ಸ್ನಾನ ಮಾಡಿ ಬಂದವರು ಕೋಟು ಹಾಕಿಕೊಳ್ಳುತ್ತಾರಾ?

ಹಳೇಚಾಳಿ:
ವಿಷಯ ಎಲ್ಲೆಲ್ಲೋ ಹೋಯಿತು, ಆದರೂ ಒಂದು ಹೇಳಬೇಕು. ಟ್ಯುರಿನ್‌ನ ಫಿಯಟ್ ಕಾರ್ಖಾನೆ, 1923ರದ್ದು. ಕಚ್ಚಾ ಸಾಮಾನು ಕೆಳಗೆ ಒಳಗೆ ಹೋಗುತ್ತದೆ, ಕಾರು ಮಹಡಿಯಿಂದ ಮಹಡಿಗೆ ತಯಾರಾಗುತ್ತಾ ಮೇಲೆ ಬರುತ್ತದೆ, ಕೊನೆಗೆ ತಾರಸಿಯ ಮೇಲೆ ಓಡಿಸಿ ನೋಡುವ ಟ್ರ್ಯಾಕ್! 1982ರಲ್ಲಿ ಮುಚ್ಚಿದ ಮೇಲೆ ರೆಂಜೊ ಪಿಯಾನೊ ಅನ್ನುವ ವಾಸ್ತುಶಿಲ್ಪಿ ಅದನ್ನು ಹೋಟೆಲು, ಅಂಗಡಿ, ಸಭಾಂಗಣ ಎಲ್ಲ ಮಾಡಿದರು. ಟ್ರ್ಯಾಕ್ ಇನ್ನೂ ಇದೆ, ಈಗ ಅಲ್ಲಿ ಗಿಡ ನೆಟ್ಟಿದ್ದಾರೆ.

ಗೋಲಗುಮ್ಮ:
ತಾರಸಿ ಮೇಲೆ ಕಾರು ಓಡಿಸುವಾಗ ಕೆಳಗಿನ ಮನೆಯವರು ಮಲಗಿದ ಹಾಗೇ.

ಹಳೇಚಾಳಿ:
ಆಗ ಕೆಳಗೆ ಯಾರೂ ಮಲಗುತ್ತಿರಲಿಲ್ಲ ಮಾರಾಯರೇ.

ಅನುಮಾನರಾಯ:
ಕಿಟಕಿಪಕ್ಕ ಅವರ ಯಜಮಾನರು ಹೇಳಿದ್ದೂ ಅದನ್ನೇ. 😄

ಬೂದಿಕಾಲ:
ನನ್ನ ತಕರಾರು ಬೇರೆ. ಉಳಿಸಿದೆವು ಅಂತ ಹೇಳುತ್ತಾರಲ್ಲ, ಏನನ್ನು ಉಳಿಸಿದರು? ಲಂಡನ್ನಿನ ಬ್ಯಾಟರ್‌ಸೀ ವಿದ್ಯುತ್ ಸ್ಥಾವರ 1983ರಲ್ಲಿ ನಿಂತಿತು. ಮನರಂಜನಾ ಪಾರ್ಕ್ ಮಾಡುತ್ತೇವೆ ಅಂತ ಚಾವಣಿ ಕಿತ್ತು, ದುಡ್ಡು ಸಾಲದೆ ಹಾಗೇ ಬಿಟ್ಟರು. ಮಳೆ ಬಿಸಿಲಿಗೆ ನೆನೆದು ಒಣಗಿ, ಕೊನೆಗೆ ಮನೆ, ಕಚೇರಿ, ಅಂಗಡಿ ಆಗಿ ತೆರೆದದ್ದು 2022ರಲ್ಲಿ. ಜಗತ್ತೆಲ್ಲ ಗುರುತಿಸುವ ಆ ನಾಲ್ಕು ಚಿಮಣಿಗಳು ಇವೆಯಲ್ಲ, ಅವು ಹಳೆಯವಲ್ಲ. ಕೆಡವಿ ಅದೇ ಆಕಾರಕ್ಕೆ ಹೊಸದಾಗಿ ಕಟ್ಟಿದ್ದು.

ಗಾರೆಕೈ:
ಒಳಗಿನ ಕಬ್ಬಿಣ ಕೊಳೆತಿದ್ದರೆ ಕೆಡವದೆ ಏನು ಮಾಡುತ್ತೀರಿ ಸರ್? ತಲೆ ಮೇಲೆ ಬೀಳಿಸಿಕೊಳ್ಳುತ್ತೀರಾ? ಅದೇ ಅಳತೆ, ಅದೇ ಕೆಲಸ ಮಾಡಿದ್ದರೆ ನನ್ನ ಲೆಕ್ಕದಲ್ಲಿ ಅದು ಸರಿ. ಮುಂದಿನ ಗೋಡೆ ಒಂದನ್ನು ಉಳಿಸಿ ಹಿಂದೆ ಗಾಜಿನ ಡಬ್ಬ ಕಟ್ಟುತ್ತಾರಲ್ಲ, ಮೋಸ ಅಂದರೆ ಅದು.

ಬೂದಿಕಾಲ:
ನಲವತ್ತು ವರ್ಷ ನೆನೆಯಲು ಬಿಟ್ಟಿದ್ದು ಯಾರು ಅಂತ ಕೇಳಿದೆ. ಟೇಟ್ ಮಾಡರ್ನ್ ಕೂಡ ವಿದ್ಯುತ್ ಸ್ಥಾವರವೇ, ಅದೇ ನದಿ ದಡದ್ದೇ. 1981ರಲ್ಲಿ ಮುಚ್ಚಿ 2000ದಲ್ಲಿ ಮ್ಯೂಸಿಯಂ ಆಯಿತು. ಟರ್ಬೈನ್ ಇದ್ದ ಹಜಾರವನ್ನು ತುಂಬಲು ಹೋಗದೆ ಖಾಲಿಯಾಗೇ ಬಿಟ್ಟದ್ದು ಅದರ ಜಾಣತನ. ಮನೆ ಮಾಡಿದ್ದರೆ ಆ ಹಜಾರದಲ್ಲಿ ಹತ್ತು ಮಹಡಿ ತುರುಕುತ್ತಿದ್ದರು.

ಎಐಆರ್:
ಲಾಫ್ಟ್ ಅನ್ನುವ ಪದ ಬಂತಲ್ಲ. ನ್ಯೂಯಾರ್ಕ್‌ನ ಸೋಹೊದಲ್ಲಿ ಮೊದಮೊದಲು ಕಲಾವಿದರು ಖಾಲಿ ಗೋದಾಮುಗಳಲ್ಲಿ ಕದ್ದುಮುಚ್ಚಿ ಇರುತ್ತಿದ್ದರು. ಅಲ್ಲಿ ವಾಸ ಮಾಡುವುದು ಕಾನೂನಿಗೆ ವಿರುದ್ಧ. ಆದರೆ ರಾತ್ರಿ ಬೆಂಕಿ ಬಿದ್ದರೆ ಒಳಗೆ ಜನ ಇದ್ದಾರೆ ಅಂತ ಅಗ್ನಿಶಾಮಕದವರಿಗೆ ಗೊತ್ತಾಗುವುದು ಹೇಗೆ? ಅದಕ್ಕೆ ಬಾಗಿಲ ಹತ್ತಿರ ಎ.ಐ.ಆರ್. ಅಂತ ಫಲಕ ಹಾಕುವ ಪದ್ಧತಿ ಬಂತು. ಇಲ್ಲಿ ಕಲಾವಿದರು ವಾಸವಿದ್ದಾರೆ, ಇಂಥ ಮಹಡಿಯಲ್ಲಿ, ಅಂತ ಅರ್ಥ. ನನ್ನ ಹೆಸರೂ ಅಲ್ಲಿಂದಲೇ ತಗೊಂಡದ್ದು, ರೇಡಿಯೋ ಅಂದುಕೊಳ್ಳಬೇಡಿ. 1971ರಲ್ಲಿ ಕಲಾವಿದರ ವಾಸಕ್ಕೆ ಅನುಮತಿ ಸಿಕ್ಕಿತು, 1982ರಲ್ಲಿ ಲಾಫ್ಟ್ ಕಾನೂನು ಬಂತು. ಅಷ್ಟರಲ್ಲಿ ಆ ಜಾಗ ಫ್ಯಾಷನ್ ಆಗಿ, ಬಾಡಿಗೆ ಏರಿ, ಕಲಾವಿದರೇ ಜಾಗ ಬಿಡಬೇಕಾಯಿತು.

ಮಿಲ್‌ಮಗ:
ಮೊದಲು ಕಾರ್ಮಿಕರು ಹೋದರು, ಆಮೇಲೆ ಕಲಾವಿದರು. ಮುಂದಿನ ಸರದಿ ಯಾರದು?

ತುಕ್ಕುಗಣ್ಣು:
ಇಎಂಐ ಕಟ್ಟುವವರದು.

ಮೂರನೇಮಹಡಿ:
ತಡವಾಗಿ ನೋಡಿದೆ. ನಾನು ಆರು ವರ್ಷದಿಂದ ಹಳೇ ಗೋದಾಮಿನಲ್ಲಿ ಮಾಡಿದ ಮನೆಯಲ್ಲಿದ್ದೇನೆ. ಯಾರೂ ಹೇಳದ ಮೂರು ಸಂಗತಿ ಹೇಳುತ್ತೇನೆ.

ಸದ್ದು. ಗೋಡೆಯಿಂದ ಬರುವುದಿಲ್ಲ, ಗೋಡೆ ದಪ್ಪ ಇದೆ. ಮೇಲಿಂದ ಬರುತ್ತದೆ. ನಮ್ಮದು ಮರದ ನೆಲ. ಮೇಲಿನ ಮನೆಯವರು ರಾತ್ರಿ ಎದ್ದು ನೀರು ಕುಡಿಯಲು ಎಷ್ಟು ಹೆಜ್ಜೆ ಹಾಕುತ್ತಾರೆ ಅಂತ ನನಗೆ ಗೊತ್ತು. ಹದಿನಾಲ್ಕು.

ನೀರಿನ ಪೈಪು. ಕಕ್ಕಸಿನ ಪೈಪಿಗೆ ಇಳಿಜಾರು ಬೇಕು. ಎಲ್ಲೆಂದರಲ್ಲಿ ನೆಲ ಕೊರೆಯಲು ಬಿಡುವುದಿಲ್ಲ. ಹಾಗಾಗಿ ನಮ್ಮ ಬಚ್ಚಲು ಎರಡು ಮೆಟ್ಟಿಲು ಎತ್ತರದಲ್ಲಿದೆ, ಪೈಪು ಅದರಡಿ ಹೋಗುತ್ತದೆ. ಅತ್ತೆಗೆ ಮಂಡಿನೋವು. ದಿನಕ್ಕೆ ಎಂಟು ಸಲ ಕಾರ್ಖಾನೆ ಕಟ್ಟಿದವರನ್ನು ಬೈಯುತ್ತಾರೆ.

ಕಿಟಕಿ. ಕಬ್ಬಿಣದ ಚೌಕಟ್ಟಿನ ಹಳೇ ಕಿಟಕಿ ಅಂತ ನಾನೂ ಮರುಳಾಗಿದ್ದೆ. ಒಂದೇ ಪದರದ ಗಾಜು. ಚಳಿ ಬಂದರೆ ಒಳಗಡೆ ನೀರು ಹರಿಯುತ್ತದೆ. ಬದಲಾಯಿಸೋಣ ಅಂದರೆ ಪಾರಂಪರಿಕ ಕಟ್ಟಡ, ಹೊರಗಿನ ರೂಪ ಮುಟ್ಟುವ ಹಾಗಿಲ್ಲ. ಒಳಗಡೆ ಇನ್ನೊಂದು ಕಿಟಕಿ ಹಾಕಿಸಿಕೊಂಡೆವು.

ಇಷ್ಟೆಲ್ಲ ಬೈದೆ. ಮಾರುತ್ತೀರಾ ಅಂತ ಕೇಳಿದರೆ ಇಲ್ಲ. ಬೆಳಗ್ಗೆ ಏಳೂವರೆಗೆ ಬಿಸಿಲು ಇಟ್ಟಿಗೆ ಗೋಡೆ ಮೇಲೆ ಬೀಳುತ್ತದೆ. ನೋಡುತ್ತಾ ಕೂತು ಕೆಲಸಕ್ಕೆ ತಡ ಮಾಡಿಕೊಳ್ಳುತ್ತೇನೆ.

ನಕ್ಷೆಗಾರ್ತಿ:
ನಿಮ್ಮ ಅತ್ತೆಯ ಪರವಾಗಿ ನಮ್ಮ ವೃತ್ತಿಯವರ ಕ್ಷಮೆ ಕೇಳುತ್ತೇನೆ. ಬಚ್ಚಲು ಎಲ್ಲಿ ಅಂತ ಮೊದಲು ಕಟ್ಟಡವನ್ನು ಕೇಳಿ ಆಮೇಲೆ ನಕ್ಷೆ ಬರೆಯಬೇಕು. ನಾವು ಉಲ್ಟಾ ಮಾಡುತ್ತೇವೆ. ಇಷ್ಟು ಮನೆ ಬೇಕು ಅಂತ ಎಣಿಸಿಕೊಂಡು ಬಂದು ಆಮೇಲೆ ಕಂಬದ ಜೊತೆ ಜಗಳಕ್ಕೆ ನಿಲ್ಲುತ್ತೇವೆ.

ಕಿಟಕಿಪಕ್ಕ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮತ್ತೆ ಹೋಗಿದ್ದೆವು, ಈ ಸಲ ಟೇಪ್ ಹಿಡಿದುಕೊಂಡು.

ಕಿಟಕಿಯ ಮೇಲಂಚು 3.4 ಮೀಟರ್. ನಮ್ಮ ಮನೆಯ ಆಳ 12 ಮೀಟರ್. ಕಿಟಕಿ ಒಂದೇ ಕಡೆ. ಆ "ಸ್ಟಡಿ" ಕೋಣೆಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ನಿಂತು ಫೋನಿನ ಟಾರ್ಚ್ ಆರಿಸಿದೆ. ನನ್ನ ಕೈ ನನಗೇ ಸರಿಯಾಗಿ ಕಾಣಲಿಲ್ಲ. ಗೋಡೆ ಕೆರೆದೆ, ಉಗುರು ಮುರಿಯಿತು (ಗಾರೆಕೈ ಅವರೇ, ನಿಜವಾಗಲೂ ಮುರಿಯಿತು). ಕಂಬದ ಬಣ್ಣ ಯಾವುದು ಅಂದರೆ "ಕಪ್ಪು ಮೇಡಂ" ಅಂದರು. ಮಣ್ಣಿನ ವರದಿ ಕೇಳಿದ್ದಕ್ಕೆ ಮೇಲಿನವರ ಹತ್ತಿರ ಇದೆ, ಕಳಿಸುತ್ತೇವೆ ಅಂದಿದ್ದಾರೆ.

ಇದರ ನಡುವೆ ಇನ್ನೊಂದು ಎಡವಟ್ಟು. ಯಾರಾದ್ರೂ ಮಲಗ್ತಾರಾ ಅಂತಿದ್ದವರು ಇದ್ದಾರಲ್ಲ, ಅವರು ಹಿಂದಿನ ಬಾಯ್ಲರ್ ಮನೆ ನೋಡಿ ಬಂದರು. ಒಂದೇ ಮಹಡಿ, ಮೂರು ಕಡೆ ಕಿಟಕಿ, ಅಗಲ ಕಡಿಮೆ. ಅದರಲ್ಲೂ ಎರಡು ಮನೆ ಮಾಡುತ್ತಾರಂತೆ. ದಾರಿಯುದ್ದಕ್ಕೂ ಅದರದ್ದೇ ಮಾತು. ರಾತ್ರಿ ಕಾಗದದಲ್ಲಿ ಮಂಚ ಎಲ್ಲಿ ಇಡುವುದು ಅಂತ ಚಿತ್ರ ಬರೆಯುತ್ತಿದ್ದರು. ಈಗ ಬೇಡ ಅನ್ನುವವಳು ನಾನು.

ಪರೀಕ್ಷಾನಳಿಕೆ:
ಬಾಯ್ಲರ್ ಮನೆ?! ಪೈಪಿಗೆ ಸುತ್ತಿದ ಕಲ್ನಾರು ಜಾಸ್ತಿ ಇರುವುದೇ ಅಲ್ಲಿ. ಕಲ್ಲಿದ್ದಲು, ಎಣ್ಣೆ ಎಲ್ಲಿ ಶೇಖರಿಸುತ್ತಿದ್ದರು ಅಂತಲೂ ಕೇಳಿ. ವರದಿ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ.

ಕಿಟಕಿಪಕ್ಕ:
ಇದನ್ನು ಅವರಿಗೇ ಓದಿ ಹೇಳಿದೆ. "ವರದಿ ಬರಲಿ, ಅಲ್ಲೀವರೆಗೆ ಚಿತ್ರ ಬರೆಯೋಕೆ ಏನು ತೊಂದರೆ" ಅಂತಾರೆ.

ಗೋಲಗುಮ್ಮ:
ಬಾಯ್ಲರ್ ಮನೆ ಚೌಕಾಕಾರ ತಾನೇ? ಬೀರು ಇಡಬಹುದು.